ಸಹಿಗೆ ಮೊದಲು ಕೆಲಸ: ಕಾಸರಗೋಡಿನಿಂದ ಜರ್ಮನಿಗೆ ಒಂದು ಪಾಠದ ನಂಟು

ಹೊರದೇಶದ ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯುವ ಮೊದಲು ನಾವು ಕೇಳಿಕೊಂಡದ್ದು ಒಂದೇ ಪ್ರಶ್ನೆ: ಅವರಲ್ಲಿ ಇಲ್ಲದ್ದು ನಮ್ಮಲ್ಲಿ ಏನಿದೆ? ನಾನು ಕಾಸರಗೋಡಿನಲ್ಲಿ ಕನ್ನಡ ಪಾಠ ಮಾಡುವವಳು. ವಿಭಾಗದ ವಿದೇಶಿ ಸಹಯೋಗದ ಹೊಣೆಯೂ ನನ್ನ ಪಾಲಿಗೆ ಬಂದಿತ್ತು. ಕಟ್ಟಡ, ಪ್ರಯೋಗಾಲಯ, ರ‍್ಯಾಂಕಿಂಗ್ ತೋರಿಸಿ ಯಾರನ್ನಾದರೂ ಸೆಳೆಯುವ ಸ್ಥಿತಿ ನಮ್ಮದಲ್ಲ. ಆದರೆ ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ ಆಡಿ ಕನ್ನಡದಲ್ಲಿ ಪರೀಕ್ಷೆ ಬರೆಯುವ ಮಕ್ಕಳು ನಮ್ಮ ಎಂ.ಎ. ತರಗತಿಯಲ್ಲಿದ್ದಾರೆ. ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನವರೂ ಇದ್ದಾರೆ. ಇಂಥ ತರಗತಿ ಯುರೋಪಿನಲ್ಲಿ ಎಲ್ಲಿ ಸಿಗಬೇಕು?

ಇದಕ್ಕೆ ತಕ್ಕ ಕೆಲಸ ಸಿಕ್ಕಿದ್ದು ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಕಾಗದಪತ್ರಗಳಲ್ಲಿ. 1834ರಲ್ಲಿ ಮಿಶನ್ನಿನವರು ಮಂಗಳೂರಿಗೆ ಬಂದಾಗ ಮಂಗಳೂರು, ಕಾಸರಗೋಡು ಎರಡೂ ಒಂದೇ ಕೆನರಾ ಜಿಲ್ಲೆ. ಅವರ ಪತ್ರ, ವರದಿ, ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ಮಲಯಾಳ ನಿಘಂಟು ಮಾಡಿದ ಮಿಶನರಿ ಗುಂಡರ್ಟರ ಸಂಗ್ರಹ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. 2018ರಿಂದ ಅದನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ನಮ್ಮ ಕಿಟ್ಟೆಲರು 1903ರಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ.

ಮಿಶನರಿಗಳ ಜರ್ಮನ್ ಪತ್ರಗಳು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿವೆ. ಇಂದಿನ ಜರ್ಮನ್ ವಿದ್ಯಾರ್ಥಿಗಳೂ ಅದನ್ನು ಬೇರೆಯಾಗಿಯೇ ಕಲಿಯಬೇಕು. ಕಲಿತವರು ಸಾಲು ಸಾಲು ಓದಿಕೊಂಡು ಹೋಗುತ್ತಾರೆ. ಕಿವಿಗೆ ಬಿದ್ದಂತೆ ಬರೆದಿಟ್ಟ ಒಂದು ಊರಿನ ಹೆಸರೋ ಭೂತದ ಹೆಸರೋ ಎದುರಾದರೆ ಅಲ್ಲಿಗೇ ನಿಲ್ಲುತ್ತಾರೆ. ಕುಂಬಳೆ, ಮೊಗ್ರಾಲಿನ ಮಕ್ಕಳಿಗೆ ಅದನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿದರೆ ಸಾಕು, ಯಾವ ಊರು, ಯಾವ ದೈವ ಎಂದು ಗುರುತಿಸುತ್ತಾರೆ. ಎರಡೂ ಕಡೆಯವರಿಗೆ ಪರಸ್ಪರ ಬೇಕಾದದ್ದು ಇಲ್ಲಿತ್ತು.

ನಾನು ಬರೆದದ್ದು ಅಲ್ಲಿನ ಅಂತರರಾಷ್ಟ್ರೀಯ ಕಚೇರಿಗಲ್ಲ. ದಕ್ಷಿಣ ಜರ್ಮನಿಯ ಒಂದು ವಿಭಾಗದಲ್ಲಿ ಇದೇ ಕೆಲಸದಲ್ಲಿದ್ದ ಅಧ್ಯಾಪಕಿಗೆ ಒಂದು ಪುಟದ ಪತ್ರ ಬರೆದೆ. ಜೊತೆಗೆ ನಮ್ಮ ಮಕ್ಕಳು ಗುರುತಿಸಿದ ಊರ ಹೆಸರುಗಳ ಪಟ್ಟಿ. ಉತ್ತರ ಬೇಗ ಬಂತು. ಕಚೇರಿಗಳಿಗೆ ಬರೆದ ಪತ್ರ ಕಡತ ಸೇರುತ್ತದೆ, ಕೆಲಸ ತಿಳಿದವರಿಗೆ ಬರೆದದ್ದಕ್ಕೆ ಮರುಪ್ರಶ್ನೆ ಬರುತ್ತದೆ. ನಂಟು ಶುರುವಾಗುವುದು ಆ ಮರುಪ್ರಶ್ನೆಯಿಂದ.

"ಟೀಚರೇ, ಮೊದಲು ಎಂಓಯು (ಒಪ್ಪಂದಪತ್ರ) ಆಗಲಿ, ಆಮೇಲೆ ಪಾಠ" ಎಂದರು ಆಡಳಿತದ ಹಿರಿಯರೊಬ್ಬರು. "ಸರ್, ಒಂದು ಸೆಮಿಸ್ಟರ್ ಜೊತೆಯಾಗಿ ಓದಿ ನೋಡುತ್ತೇವೆ. ಏನು ಬರೆದು ಸಹಿ ಮಾಡಬೇಕೆಂದು ಆಗ ತಿಳಿಯುತ್ತದೆ" ಎಂದು ಕೇಳಿಕೊಂಡೆ. ಅವರು ಒಪ್ಪಿದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು.

ವೇಳಾಪಟ್ಟಿ ಹೊಂದಿಸುವುದು ಬೆವರಿಳಿಸುವ ಕೆಲಸ. ಜರ್ಮನಿಯ ಚಳಿಗಾಲದ ಸೆಮಿಸ್ಟರಿನ ಪಾಠಗಳು ಅಕ್ಟೋಬರ್ ನಡುವಿನಿಂದ ಫೆಬ್ರವರಿಯವರೆಗೆ. ಬೇಸಿಗೆಯದು ಏಪ್ರಿಲ್‌ನಲ್ಲಿ ಶುರು, ಆಗ ನಮಗೆ ರಜೆ. ಹಾಗಾಗಿ ನವೆಂಬರ್‌ನಿಂದ ಜನವರಿಯವರೆಗೆ, ಕ್ರಿಸ್ಮಸ್ ರಜೆ ಕಳೆದು ಉಳಿದ ವಾರಗಳನ್ನು ಹಿಡಿದೆವು. ಚಳಿಗಾಲದಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅವರ ಬೆಳಗಿನ ಹತ್ತು ನಮ್ಮ ಮಧ್ಯಾಹ್ನದ ಎರಡೂವರೆ. ಮಂಜೇಶ್ವರದ ಕಡೆಗೆ ರೈಲು ಹಿಡಿಯುವ ಮಕ್ಕಳಿಗೂ ಅದು ಅನುಕೂಲ.

ಕ್ರೆಡಿಟ್ಟಿನ ಲೆಕ್ಕವನ್ನು ಮೊದಲ ತಿಂಗಳಲ್ಲೇ ಕುಳಿತು ಮಾಡಬೇಕು. ಯುರೋಪಿನ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ಒಟ್ಟು ದುಡಿಮೆ. ಮನೆಯ ಓದು, ಬರವಣಿಗೆ ಎಲ್ಲ ಸೇರಿ. ನಮ್ಮಲ್ಲಿ ಒಂದು ಕ್ರೆಡಿಟ್ಟಿಗೆ ಸಾಮಾನ್ಯವಾಗಿ 15 ಗಂಟೆಗಳ ಪಾಠ. ಅವರು ದುಡಿಮೆಯನ್ನು ಎಣಿಸುತ್ತಾರೆ, ನಾವು ಪಾಠವನ್ನು. ಎರಡನ್ನೂ ಅಕ್ಕಪಕ್ಕ ಬರೆದು, ಮಕ್ಕಳು ಮನೆಯಲ್ಲಿ ಮಾಡುವ ಲಿಪ್ಯಂತರದ ಗಂಟೆಗಳನ್ನೂ ಸೇರಿಸಿದ ಮೇಲೆ ಲೆಕ್ಕ ಕೂಡಿತು.

ಜಂಟಿ ಪದವಿಯ ಆಸೆಯನ್ನು ನಾವು ಇಟ್ಟುಕೊಳ್ಳಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಅದಕ್ಕೆ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕವೋ, ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ನ ಮೊದಲ ನೂರರಲ್ಲಿ ಸ್ಥಾನವೋ, 'ಇನ್‌ಸ್ಟಿಟ್ಯೂಷನ್ ಆಫ್ ಎಮಿನೆನ್ಸ್' ಎಂಬ ಮನ್ನಣೆಯೋ ಇರಬೇಕು. ಜೊತೆಯಾಗಿ ಒಂದು ಸೆಮಿನಾರು ನಡೆಸಲು ಅಷ್ಟು ದೊಡ್ಡ ಬಾಗಿಲು ಬೇಕಿಲ್ಲ. ಯುರೋಪಿನ ಒಕ್ಕೂಟದ ಎರಾಸ್ಮಸ್ ಯೋಜನೆಯ ವಿದ್ಯಾರ್ಥಿ ವಿನಿಮಯಕ್ಕೂ ಅರ್ಜಿ ಹಾಕಬೇಕಾದವರು ಯುರೋಪಿನ ಸಂಸ್ಥೆಯವರು. ಅಲ್ಲಿ ನಮ್ಮ ಪರವಾಗಿ ಎದ್ದು ನಿಲ್ಲುವ ಒಬ್ಬರು ಇಲ್ಲದಿದ್ದರೆ ಅರ್ಜಿಯೇ ಹುಟ್ಟುವುದಿಲ್ಲ. ಜೊತೆಯಾಗಿ ಪಾಠ ಮಾಡಿದವರು ಹಾಗೆ ನಿಲ್ಲುತ್ತಾರೆ.

ಕೊನೆಗೆ ಒಪ್ಪಂದ ಬರೆದಾಗ ಅದು ಚಿಕ್ಕದಾಗಿತ್ತು. ಆದರೂ ಮೂರು ಮಾತುಗಳಿಗೆ ನಾನು ಪಟ್ಟು ಹಿಡಿದೆ. ಮಕ್ಕಳು ಗುರುತಿಸಿದ ಹೆಸರುಗಳು ಪ್ರಕಟವಾಗುವಲ್ಲಿ ಆ ಮಕ್ಕಳ ಹೆಸರೂ ಇರಬೇಕು. ಸ್ಕ್ಯಾನ್ ಮಾಡಿದ ಪುಟಗಳನ್ನು ನಮ್ಮ ಗ್ರಂಥಾಲಯವೂ ಇಟ್ಟುಕೊಳ್ಳಬೇಕು. ಎರಡೂ ಕಡೆ ಹೊಣೆ ಹೊರುವ ಅಧ್ಯಾಪಕರ ಹೆಸರು, ಅವರು ಬಿಟ್ಟುಹೋದರೆ ಯಾರು ಎಂಬುದು, ಕಾಗದದಲ್ಲೇ ಇರಬೇಕು. ಮೊದಲನೆಯದಕ್ಕೆ ಹೆಚ್ಚು ಮಾತಾಯಿತು. ಇಲ್ಲಿಯ ಮಕ್ಕಳನ್ನು ಮಾಹಿತಿ ಕೊಡುವವರೆಂದಷ್ಟೇ ಕಾಣುವುದು ನನಗೆ ಒಪ್ಪಿಗೆಯಿಲ್ಲ, ಅವರು ಸಂಶೋಧಕರು.

ಅಲ್ಲಿಂದ ಯಾರಾದರೂ ಬರುವುದಿದ್ದರೆ ವೀಸಾದ ವಿಚಾರ ಮೊದಲೇ ಮಾತಾಡಿ. ಸಂಶೋಧನೆಗೆ ಬರುವವರು ಪ್ರವಾಸಿ ವೀಸಾದಲ್ಲಿ ಬರುವಂತಿಲ್ಲ. ಉಳಿದುಕೊಳ್ಳುವ ಅತಿಥಿಗೃಹದವರು 24 ಗಂಟೆಯೊಳಗೆ ವಿದೇಶಿ ಅತಿಥಿಯ ವಿವರವನ್ನು, ಹಿಂದೆ ಫಾರ್ಮ್ ಸಿ ಎನ್ನುತ್ತಿದ್ದ ನಮೂನೆಯಲ್ಲಿ, ಆನ್‌ಲೈನಿನಲ್ಲಿ ಸರ್ಕಾರಕ್ಕೆ ತುಂಬಬೇಕು. ಇದನ್ನು ವಾರ್ಡನ್ನರಿಗೆ ಮುಂಚಿತವಾಗಿ ಹೇಳಿ, ಅವರ ಕಂಪ್ಯೂಟರಿನಲ್ಲಿ ಲಾಗಿನ್ ಆಗುತ್ತದೆಯೇ ಎಂದೂ ನೋಡಿಕೊಳ್ಳಿ.