ಮೊದಲು ಜೀನು ಬೇಡ, ಹೆಡ್‌ಕಾಲರ್ ಹೊಲಿಯಿರಿ

ಕುದುರೆಯ ಜೀನನ್ನು ಮನೆಯಲ್ಲೇ ಮಾಡಬಹುದಾ ಎಂದು ಕೇಳಿಕೊಂಡು ಒಂದೂವರೆ ವರ್ಷದಲ್ಲಿ ಐದು ಜನ ನಮ್ಮ ಮನೆಗೆ ಬಂದಿದ್ದಾರೆ. ಒಬ್ಬರು ಇಂಜಿನಿಯರ್, ಒಬ್ಬರು ದಂತವೈದ್ಯರು, ಮೂವರು ಸವಾರಿ ಕಲಿಯುತ್ತಿರುವ ಕಾಲೇಜು ಹುಡುಗರು. ಐವರಿಗೂ ಬೇಡ ಎಂದೆ. ಐವರೂ ಕೇಳಲಿಲ್ಲ. ದಂತವೈದ್ಯರಿಗಂತೂ ಹೊಲಿಗೆ ಹಾಕುವುದು ದಿನದ ಕೆಲಸ, ಆ ಧೈರ್ಯ ಬೇರೆ.

ಜೀನಿನ ಒಳಗೆ ಮರದ ಚೌಕಟ್ಟು ಇರುತ್ತದೆ. ಅದು ಆ ಕುದುರೆಯ ಬೆನ್ನಿಗೆ ಸರಿಯಾಗಿ ಕೂರದಿದ್ದರೆ ನಾಲ್ಕೇ ದಿನದಲ್ಲಿ ಹುಣ್ಣು. ಅದನ್ನು ಬೆನ್ನಿಗೆ ಒಗ್ಗಿಸುವುದು ವರ್ಷಗಟ್ಟಲೆ ಕೂತು ಕಲಿಯುವ ವಿದ್ಯೆ. ಹೊಸಬರು ಮಾಡಬೇಕಾದದ್ದು ಹೆಡ್‌ಕಾಲರ್. ಅಂದರೆ ಬಾಯಿಗೆ ಕಡಿವಾಣದ ಕಬ್ಬಿಣ ಇಲ್ಲದೆ, ಬರೀ ತಲೆಗೆ ಹಾಕಿ ಕುದುರೆಯನ್ನು ಲಾಯದಿಂದ ಆಚೆ ತರುತ್ತಾರಲ್ಲ, ಆ ಪಟ್ಟಿ. ಐದಾರು ತುಂಡು ಚರ್ಮ, ಮೂರು ರಿಂಗು, ಒಂದು ಬಕಲ್ಲು. ಅಷ್ಟೇ. ಕುದುರೆಯೇ ಇಲ್ಲದವರು ಎತ್ತಿನ ಗೆಜ್ಜೆಪಟ್ಟಿ ಹೊಲಿಯಬಹುದು. ಮಂಡ್ಯದ ಕಡೆ ಹಳ್ಳಿಕಾರ್ ಸಾಕಿದ ಮನೆಗಳಲ್ಲಿ ಅದನ್ನು ಬೇಡ ಅನ್ನುವವರು ಕಡಿಮೆ. ಹೇಮಗಿರಿ ಅಥವಾ ಬೇಬಿ ಬೆಟ್ಟದ ದನದ ಜಾತ್ರೆಗೆ ಹೋದರೆ ಹಗ್ಗ, ಗಂಟೆ, ಕೊರಳಪಟ್ಟಿ ಮಾರುವ ಅಂಗಡಿಗಳ ಮುಂದೆ ಅರ್ಧ ಗಂಟೆ ನಿಂತುಕೊಳ್ಳಿ. ಪಟ್ಟಿ ಎಲ್ಲಿ ಮಡಿಚಿದೆ, ಎಲ್ಲಿ ಹೊಲಿದಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಚರ್ಮ ಕೊಳ್ಳುವುದು

ಚರ್ಮವನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ಹದ ಮಾಡುತ್ತಾರೆ. ಒಂದು ಕ್ರೋಮ್ ಲವಣದಲ್ಲಿ, ಇನ್ನೊಂದು ಮರದ ತೊಗಟೆ, ಕಾಯಿಗಳ ಒಗರಿನಲ್ಲಿ. ನಮ್ಮ ದಕ್ಷಿಣದಲ್ಲಿ ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುವುದು ಹಳೆಯ ಪದ್ಧತಿ. ಕುದುರೆ ಸಾಮಾನಿಗೆ ಬೇಕಾದದ್ದು ತೊಗಟೆಯ ಚರ್ಮವೇ. ಕ್ರೋಮ್ ಚರ್ಮ ಮೆತ್ತಗಿರುತ್ತದೆ, ಎಳೆದರೆ ಹಿಗ್ಗುತ್ತದೆ, ಅಂಚು ಎಷ್ಟು ಉಜ್ಜಿದರೂ ನುಣುಪಾಗುವುದಿಲ್ಲ. ಹ್ಯಾಂಡ್‌ಬ್ಯಾಗಿಗೆ ಸರಿ, ಕುದುರೆಗೆ ಅಲ್ಲ.

ಗುರುತಿಸುವುದು ಕಷ್ಟವೇನಲ್ಲ. ಅಂಚು ಕತ್ತರಿಸಿ ನೋಡಿ. ನಡುವೆ ನೀಲಿ ಬೂದು ಬಣ್ಣ ಕಂಡರೆ ಕ್ರೋಮ್. ಒಳಗೂ ಹೊರಗೂ ಕಂದು ಇದ್ದರೆ ಬಹುಪಾಲು ತೊಗಟೆಯದು. ಬಣ್ಣ ಬಳಿಯದ ಚರ್ಮದ ಮೇಲೆ ಒಂದು ಹನಿ ನೀರು ಬಿಟ್ಟರೆ ತೊಗಟೆಯದು ಹೀರಿಕೊಂಡು ಕಪ್ಪಾಗುತ್ತದೆ. ಅಂಗಡಿಯವನು ಏನೇ ಹೇಳಲಿ, ಈ ಎರಡು ಪರೀಕ್ಷೆ ಬಿಡಬೇಡಿ.

ಚರ್ಮ ಚದರ ಅಡಿ ಲೆಕ್ಕದಲ್ಲಿ ಸಿಗುತ್ತದೆ. ಚೆನ್ನೈಗೆ ಹೋಗುವವರಿದ್ದರೆ ಚರ್ಮದ ಅಂಗಡಿಗಳಿರುವ ಪೆರಿಯಮೇಟ್‌ನಲ್ಲಿ ಒಂದು ದಿನ ಸುತ್ತಿ. ದಪ್ಪ ಮೂರೂವರೆಯಿಂದ ನಾಲ್ಕು ಮಿಲಿಮೀಟರ್ ಇರಲಿ. ಬೆನ್ನಿನ ಭಾಗವನ್ನೇ ಕೇಳಿ. ಹೊಟ್ಟೆಯ ಭಾಗ ಅಗ್ಗ, ಆದರೆ ಜಗ್ಗುತ್ತದೆ. ಅದರಲ್ಲಿ ಮಾಡಿದ ಪಟ್ಟಿಗೆ ಪ್ರತಿ ತಿಂಗಳೂ ಹೊಸ ತೂತು ಹೊಡೆಯುತ್ತಾ ಕೂರಬೇಕಾಗುತ್ತದೆ.

ಬಕಲ್ಲು, ರಿಂಗು

ಗಟ್ಟಿ ಹಿತ್ತಾಳೆ ಅಥವಾ ಸ್ಟೀಲು, ಬೇರೇನೂ ಬೇಡ. ಹಿತ್ತಾಳೆ ಬಣ್ಣದ ಲೇಪ ಹಾಕಿದ ಸತುವಿನ ಎರಕ ಎಲ್ಲ ಕಡೆ ಇದೆ, ನೋಡಲು ಹಾಗೇ ಹೊಳೆಯುತ್ತದೆ. ಜೇಬಿನಲ್ಲಿ ಚಿಕ್ಕ ಅರ ಇಟ್ಟುಕೊಂಡು ಹೋಗಿ, ಒಳಬದಿಯಲ್ಲಿ ಒಂದು ಗೀರು ಎಳೆಯಿರಿ. ಒಳಗೂ ಹಳದಿ ಇದ್ದರೆ ಹಿತ್ತಾಳೆ. ಬೆಳ್ಳಗೆ ಬೂದಿಯಂತೆ ಕಂಡರೆ ಅಲ್ಲೇ ಇಟ್ಟು ಬನ್ನಿ. ಕುದುರೆ ಗಾಬರಿಯಾಗಿ ತಲೆ ಎತ್ತಿದಾಗ ಆ ಎರಕ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಅರ ತೆಗೆದದ್ದಕ್ಕೆ ಅಂಗಡಿಯವರು ಬೈಯಬಹುದು. ನನಗೆ ಬೈದಿದ್ದಾರೆ.

ಅಳತೆ, ಕತ್ತರಿಸುವುದು

ಅಳತೆಯನ್ನು ಕುದುರೆಯ ಮೇಲೇ ತೆಗೆಯಬೇಕು. ಇಂಟರ್ನೆಟ್ಟಿನ ಪಟ್ಟಿಗಳಲ್ಲಿರುವುದು ಹೆಚ್ಚಾಗಿ ವಿದೇಶಿ ತಳಿಗಳ ಅಳತೆ. ನಮ್ಮ ಟಾಂಗಾ ಕುದುರೆಯ ತಲೆ ಅದಕ್ಕಿಂತ ಚಿಕ್ಕದು. ಮೈಸೂರು ಅರಮನೆ ಸುತ್ತಮುತ್ತ ನಿಲ್ಲುವ ಟಾಂಗಾದವರನ್ನು ಕೇಳಿದರೆ ಅಳೆಯಲು ಬಿಡುತ್ತಾರೆ. ಸುಮ್ನೆ ಟೇಪು ಹಿಡಿದು ಹಿಂದಿನಿಂದ ನುಗ್ಗಬೇಡಿ, ಅಷ್ಟೇ. ಮೂಗುಪಟ್ಟಿ ಕೆನ್ನೆಯ ಉಬ್ಬು ಮೂಳೆಯಿಂದ ಎರಡು ಬೆರಳು ಕೆಳಗೆ ಕೂರಬೇಕು, ಅದರೊಳಗೆ ಎರಡು ಬೆರಳು ಸಲೀಸಾಗಿ ಆಡಬೇಕು. ಗಂಟಲುಪಟ್ಟಿಯೊಳಗೆ ಒಂದು ಮುಷ್ಟಿ ಹಿಡಿಯಬೇಕು.

ಪಟ್ಟಿಯ ಅಗಲ ಒಂದು ಇಂಚು. ಬೆನ್ನುಮೂಳೆಯ ಉದ್ದಕ್ಕೆ ಕತ್ತರಿಸಿ, ಅಡ್ಡಕ್ಕಲ್ಲ. ಉಕ್ಕಿನ ಸ್ಕೇಲು, ಹೊಸ ಬ್ಲೇಡು, ಒಂದೇ ಎಳೆತ. ಬಕಲ್ಲಿಗೆ ಮಡಿಚುವ ತುದಿಯನ್ನು ಒಳಬದಿಯಿಂದ ಹೆರೆದು ಅರ್ಧದಷ್ಟು ತೆಳ್ಳಗೆ ಮಾಡಿ. ಚಪ್ಪಲಿ ಹೊಲಿಯುವವರ ರಂಪಿಗೆ ಇದಕ್ಕೆ ಹೇಳಿ ಮಾಡಿಸಿದ ಕತ್ತಿ. ಬಕಲ್ಲಿನ ನಾಲಿಗೆಗೆ ಎರಡು ದುಂಡು ತೂತು ಹೊಡೆದು ನಡುವೆ ಸೀಳಿ. ಮಡಿಚುವ ಮುಂಚೆ ಅಲ್ಲಿ ಸ್ವಲ್ಪ ನೀರು ಹಚ್ಚಿ, ಇಲ್ಲದಿದ್ದರೆ ಮೇಲ್ಮೈ ಬಿರುಕು ಬಿಡುತ್ತದೆ.

ಹೊಲಿಗೆ: ಎಲ್ಲರೂ ಎಡವುವುದು ಇಲ್ಲೇ

ಈಗ ನಿಧಾನವಾಗಿ ಓದಿ. ಐದು ಜನರಲ್ಲಿ ಐವರೂ ಸೋತದ್ದು ಇಲ್ಲಿ.

ಕುದುರೆ ಸಾಮಾನಿನ ಕೈಹೊಲಿಗೆಗೆ ಒಂದು ದಾರ, ಎರಡು ಸೂಜಿ. ದಾರದ ಎರಡು ತುದಿಗೂ ಒಂದೊಂದು ಸೂಜಿ. ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರುಬದುರಾಗಿ ಹಾದುಹೋಗುತ್ತವೆ. ಮೆಷಿನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದನ್ನೊಂದು ಕೊಕ್ಕೆ ಹಾಕಿಕೊಂಡಿರುತ್ತವೆ. ಒಂದು ಸವೆದು ಹರಿದರೆ ಪಕ್ಕದ ಹೊಲಿಗೆಗಳೂ ಸಡಿಲವಾಗುತ್ತಾ ಹೋಗುತ್ತವೆ. ಕೈಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಎಳೆ ತಾನೇ ಹಿಡಿದುಕೊಂಡಿರುತ್ತದೆ.

ಹಿಡಿಯೊಳಗೆ ದಾರದ ಉಂಡೆ ಇಟ್ಟುಕೊಂಡ, ಚರ್ಮ ಚುಚ್ಚುವ ಒಂದು ಉಳಿ ಆನ್‌ಲೈನಿನಲ್ಲಿ ಸಿಗುತ್ತದೆ. ಐದೇ ನಿಮಿಷದಲ್ಲಿ ಹೊಲಿಯಿರಿ ಎಂದು ಬರೆದಿರುತ್ತಾರೆ. ಅದು ಹಾಕುವುದೂ ಮೆಷಿನ್ನಿನ ಥರದ ಕೊಕ್ಕೆ ಹೊಲಿಗೆಯನ್ನೇ. ಟಾರ್ಪಾಲು ಹೊಲಿಯಲು ಇಟ್ಟುಕೊಳ್ಳಿ. ನಲವತ್ತು ಉಪಕರಣಗಳ ಪೆಟ್ಟಿಗೆಯೂ ಬೇಡ. ಅದರಲ್ಲಿ ಕೆಲಸಕ್ಕೆ ಬರುವುದು ನಾಲ್ಕು, ಆ ನಾಲ್ಕೂ ಮೊಂಡು.

ದಾರ ಲಿನನ್ ಆದರೆ ಚೆಂದ, ಪಾಲಿಯೆಸ್ಟರ್ ಆದರೂ ನಡೆಯುತ್ತದೆ. ಮೀನು ಹಿಡಿಯುವ ನೈಲಾನ್ ದಾರ ಮಾತ್ರ ಬೇಡವೇ ಬೇಡ, ಅದು ಚರ್ಮವನ್ನೇ ಕೊಯ್ಯುತ್ತದೆ. ಜೇನುಮೇಣದ ಮೇಲೆ ದಾರವನ್ನು ನಾಲ್ಕೈದು ಸಲ ಎಳೆಯಿರಿ. ಮೇಣದಬತ್ತಿಯ ಮೇಣ ಪುಡಿಪುಡಿಯಾಗಿ ಉದುರುತ್ತದೆ. ಹೊಲಿಗೆಯ ಉದ್ದದ ನಾಲ್ಕು ಪಟ್ಟು, ಮೇಲೆ ಎರಡು ಗೇಣು ದಾರ ಬೇಕು. ಸೂಜಿಯ ತುದಿ ಮೊಂಡಾಗಿರಬೇಕು. ಚೂಪಾಗಿದ್ದರೆ ತೂತಿನಲ್ಲಿರುವ ಇನ್ನೊಂದು ದಾರವನ್ನು ಚುಚ್ಚಿಬಿಡುತ್ತದೆ. ಚರ್ಮ ಚುಚ್ಚುವುದು ಉಳಿಯ ಕೆಲಸ, ದಾರ ದಾಟಿಸುವುದು ಸೂಜಿಯ ಕೆಲಸ.

ಅಂಚಿನಿಂದ ನಾಲ್ಕು ಮಿಲಿಮೀಟರ್ ಒಳಗೆ ಒಂದು ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಇಂಚಿಗೆ ಐದು ಅಥವಾ ಆರು ಗುರುತು. ಊಟದ ಫೋರ್ಕಿನ ಹಲ್ಲು ಸಮವಾಗಿದ್ದರೆ ಅದನ್ನೇ ಒತ್ತುತ್ತಾ ಹೋಗಿ, ನಾನು ಒಂದು ವರ್ಷ ಹಾಗೇ ಮಾಡಿದೆ. ಎಂಟು ಹತ್ತು ಗುರುತು ಹಾಕಿದರೆ ಸೊಗಸಾಗಿ ಕಾಣುತ್ತದೆ ಅನ್ನಿಸಬಹುದು. ಹೊಸ ಕೈಗೆ ಅದು ಹೊಲಿಗೆ ಆಗುವುದಿಲ್ಲ, ಸ್ಟಾಂಪಿನ ಅಂಚಿನ ಹಾಗೆ ಹರಿಯುವ ಗೆರೆ ಆಗುತ್ತದೆ.

ಚರ್ಮವನ್ನು ಮೊಣಕಾಲುಗಳ ನಡುವೆ ಎರಡು ಹಲಗೆಯ ಇಕ್ಕಳದಲ್ಲಿ ಕಚ್ಚಿಸಿ. ಎರಡು ಕೈಯೂ ಖಾಲಿ ಇರಬೇಕು. ದಂತವೈದ್ಯರು ಎಡಗೈಯಲ್ಲಿ ಚರ್ಮ ಹಿಡಿದು ಬಲಗೈಯಲ್ಲಿ ಹೊಲಿದರು. ಹಲ್ಲಿನ ಕೆಲಸದಲ್ಲಿ ನಡೆಯುತ್ತೋ ಏನೋ, ಇಲ್ಲಿ ನಡೆಯಲಿಲ್ಲ.

ಉಳಿಯ ಅಲಗನ್ನು ಅಡ್ಡ ಕತ್ತರಿಸಿದರೆ ವಜ್ರದ ಆಕಾರ ಕಾಣಬೇಕು, ದುಂಡಗಲ್ಲ. ಹೊಸ ಉಳಿ ಚೂಪಾಗಿಯೇ ಬರುತ್ತದೆ ಎಂದು ನಂಬಬೇಡಿ. ಸಾಣೆಕಲ್ಲಿನ ಮೇಲೆ ಎಣ್ಣೆ ಹಾಕಿ ಮಸೆದು, ಚರ್ಮದ ಚೂರಿನ ಮೇಲೆ ಉಜ್ಜಿ. ಬೆಣ್ಣೆಗೆ ಇಳಿದ ಹಾಗೆ ಇಳಿಯಬೇಕು.

ಇನ್ನು ಹೊಲಿಗೆ. ಮೊದಲ ತೂತಿನಲ್ಲಿ ಒಂದು ಸೂಜಿ ದಾಟಿಸಿ, ಎರಡೂ ಕಡೆ ದಾರ ಸಮ ಮಾಡಿಕೊಳ್ಳಿ. ಎರಡನೇ ಗುರುತಿಗೆ ಉಳಿ ಇಳಿಸಿ. ಅಲಗು ಗೆರೆಗೆ ಸ್ವಲ್ಪ ಓರೆಯಾಗಿರಲಿ, ಪ್ರತಿ ಸಲವೂ ಅದೇ ಓರೆ. ಆದರೆ ಉಳಿಯ ಹಿಡಿ ಮೇಲಕ್ಕೋ ಕೆಳಕ್ಕೋ ವಾಲಬಾರದು. ವಾಲಿದರೆ ಮುಂದಿನ ಸಾಲು ನೆಟ್ಟಗೆ, ಹಿಂದಿನ ಸಾಲು ಹಾವು. ಉಳಿ ತೆಗೆದ ಕೂಡಲೇ ಎಡಗೈ ಸೂಜಿ ಒಳಗೆ. ಅದು ಬಲಗಡೆ ತಲೆ ಹಾಕಿದಾಗ ಬಲಗೈ ಸೂಜಿಯನ್ನು ಅದರ ಕೆಳಗೆ ಅಡ್ಡ ಇಟ್ಟು, ಎರಡನ್ನೂ ಒಟ್ಟಿಗೆ ಹಿಡಿದು ಒಂದು ಗೇಣು ಎಳೆಯಿರಿ. ಈಗ ತೂತಿನಲ್ಲಿ ಒಂದು ದಾರ ಇದೆ. ಅದನ್ನು ತೂತಿನ ಒಂದು ಬದಿಗೆ ಒತ್ತರಿಸಿ, ಇನ್ನೊಂದು ಬದಿಯಲ್ಲಿ ಬಲಗೈ ಸೂಜಿ ತೂರಿಸಿ. ಯಾವ ಬದಿ ಎಂಬುದು ನಿಮ್ಮಿಷ್ಟ. ಒಮ್ಮೆ ಆರಿಸಿಕೊಂಡ ಮೇಲೆ ಕೊನೆಯ ತೂತಿನವರೆಗೂ ಅದೇ ಬದಿ.

ಪೂರ್ತಿ ಎಳೆಯುವ ಮುಂಚೆ ಮೊದಲ ದಾರವನ್ನು ಹಿಂದಕ್ಕೆ ಜಗ್ಗಿ ನೋಡಿ. ಸರಿದರೆ ಸರಿ. ಸರಿಯದಿದ್ದರೆ ಸೂಜಿ ದಾರವನ್ನು ಚುಚ್ಚಿದೆ, ವಾಪಸ್ ತೆಗೆದು ಮತ್ತೆ ಹಾಕಿ. ಜಾಸ್ತಿ ಜನ ಈ ಒಂದು ಜಗ್ಗುವುದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಬಿಚ್ಚಬೇಕಾದಾಗ ಬಿಚ್ಚಲೂ ಆಗುವುದಿಲ್ಲ.

ಕೊನೆಗೆ ಎರಡು ಕೈಯಿಂದಲೂ ಎಳೆತ. ನಾನು ಇದನ್ನು ಕಲಿತದ್ದು ಫುಟ್‌ಪಾತಿನಲ್ಲಿ ಚಪ್ಪಲಿ, ಬ್ಯಾಗು ಹೊಲಿಯುತ್ತಾ ಕೂತಿರುವ ಒಬ್ಬ ಹಿರಿಯರ ಹತ್ತಿರ. ನನ್ನ ಮೊದಲ ಪಟ್ಟಿ ನೋಡಿ, "ಬಲಗೈ ಒಂದೇ ಎಳೀತಾ ಅದೆ ಸಾರ್, ಎಡಗೈ ಸುಮ್ನೆ ಕೂತದೆ" ಅಂದರು. ನಿಜವೇ. ಬಲಗಡೆ ದಾರ ಚರ್ಮದೊಳಗೆ ಹೂತುಹೋಗಿತ್ತು, ಎಡಗಡೆ ಎದ್ದು ನಿಂತಿತ್ತು. ದಾರ ಚರ್ಮವನ್ನು ಒತ್ತಿ ಕೂರಬೇಕು, ಅಂಚು ಸುಕ್ಕುಗಟ್ಟಬಾರದು. ಅಷ್ಟು ಬಿಗಿ ಸಾಕು. ಅಂದ ಹಾಗೆ, ಇಂಥವರ ಹತ್ತಿರ ಕೂತು ಕಲಿಯುವುದಾದರೆ ಅವರ ಅರ್ಧ ದಿನದ ಸಂಪಾದನೆಯನ್ನು ಕೊಟ್ಟೇ ಕೂರಿ. ಕ್ಲಾಸಿಗೆ ಸಾವಿರಗಟ್ಟಲೆ ಫೀಸು ಕಟ್ಟುವವರು ಇಲ್ಲಿ ಟೀ ಕುಡಿಸಿ ಎದ್ದು ಬರುವುದನ್ನು ನೋಡಿದ್ದೇನೆ.

ತುದಿ ಮುಟ್ಟಿದ ಮೇಲೆ ಮೂರು ತೂತು ಹಿಂದಕ್ಕೆ ಹೊಲಿದು ದಾರ ಕತ್ತರಿಸಿ. ಗಂಟು ಹಾಕಬೇಡಿ, ಗಂಟು ಕುದುರೆಯ ಚರ್ಮಕ್ಕೆ ಉಜ್ಜುತ್ತದೆ. ಹೊಲಿಗೆಯ ಬದಲು ರಿವೆಟ್ ಹೊಡೆದುಬಿಡೋಣ ಎಂದು ಇಂಜಿನಿಯರ್ ಕೇಳಿದರು. ಸೊಂಟದ ಬೆಲ್ಟಿಗೆ ಹೊಡೆಯಿರಿ ಅಂದೆ.

ಮೊದಲ ಪಟ್ಟಿಗೆ ಮುಂಚೆ ಚೂರು ಚರ್ಮದ ಮೇಲೆ ಹತ್ತು ಅಡಿ ಹೊಲಿಗೆ ಹಾಕಿ ಬಿಸಾಡಿ. ಹುಡುಗರಲ್ಲಿ ಒಬ್ಬ ಮಾತ್ರ ಇದನ್ನು ಮಾಡಿದ. ಅವನ ಎರಡನೇ ಹೆಡ್‌ಕಾಲರ್ ಈಗ ಒಂದು ಕುದುರೆಯ ತಲೆ ಮೇಲಿದೆ.

ಅಂಚು, ಎಣ್ಣೆ

ಅಂಚಿನ ಮೂಲೆಗಳನ್ನು ಹೆರೆದು, ಒದ್ದೆ ಮಾಡಿ, ನುಣುಪಾದ ಮರದಿಂದ ಬಿಸಿಯಾಗುವವರೆಗೆ ಉಜ್ಜಿ. ಹಳೆಯ ಲಟ್ಟಣಿಗೆ ಸಾಕು. ಅದು ಮತ್ತೆ ಅಡುಗೆಮನೆಗೆ ಹೋಗಬಾರದು, ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಮ್ಮೆ ಜಗಳ ಆಗಿದೆ.

ಎಣ್ಣೆ ತೆಳ್ಳಗೆ ಒಂದು ಕೈ, ಮಾರನೇ ದಿನ ಇನ್ನೊಂದು ಕೈ. ದನದ ಕಾಲಿನಿಂದ ತೆಗೆದ ನೀಟ್ಸ್‌ಫುಟ್ ಎಣ್ಣೆ ಹಳಬರ ಆಯ್ಕೆ, ನನ್ನದೂ ಅದೇ. ಗಾಡಿಯ ಎಂಜಿನ್ ಆಯಿಲ್ ಹಚ್ಚುವವರಿದ್ದಾರೆ, ದಯವಿಟ್ಟು ಬೇಡ. ಮುಳುಗಿಸಿ ಇಟ್ಟರೆ ಪಟ್ಟಿ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತದೆ.

ಕುದುರೆಗೆ ಹಾಕುವ ಮುಂಚೆ

ಪಟ್ಟಿಯನ್ನು ಗಟ್ಟಿ ಗೂಟಕ್ಕೆ ಸಿಕ್ಕಿಸಿ ಇಬ್ಬರು ಸೇರಿ ಎಳೆಯಿರಿ. ಹೊಲಿಗೆಯ ತೂತುಗಳು ಬಾಯಿ ಬಿಟ್ಟರೆ ಬಿಚ್ಚಿ ಮತ್ತೆ ಹೊಲಿಯಬೇಕು. ಹಾಗಂತ ಯಾವತ್ತೂ ಹರಿಯದ ಪಟ್ಟಿ ಮಾಡಲು ಹೋಗಬೇಡಿ. ಕಟ್ಟಿಹಾಕಿದ ಕುದುರೆ ಬೆದರಿ ಹಿಂದಕ್ಕೆ ಜಗ್ಗಿದಾಗ ಚರ್ಮ ಕೊನೆಗೊಮ್ಮೆ ಹರಿದು ಅದರ ಕುತ್ತಿಗೆ ಉಳಿಸುತ್ತದೆ. ನೈಲಾನ್ ಪಟ್ಟಿ ಬಿಡುವುದಿಲ್ಲ. ನೆತ್ತಿಪಟ್ಟಿಗೆ ಎರಡು ಪದರ ಬೇಡ, ಒಂದೇ ಪದರ ಇರಲಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ. ಮೊದಲ ದಿನ ಹತ್ತು ನಿಮಿಷ ಹಾಕಿ ತೆಗೆದು, ಕಿವಿಯ ಹಿಂದೆ ಮತ್ತು ಮೂಗಿನ ಮೇಲೆ ಕೂದಲು ಕೆದರಿದೆಯಾ ನೋಡಿ. ಕೆದರಿದ ಜಾಗದಲ್ಲಿ ನಾಳೆ ಹುಣ್ಣಾಗುತ್ತದೆ.

ಪ್ರತಿ ಸಲ ತೆಗೆದ ಮೇಲೆ ಒದ್ದೆ ಬಟ್ಟೆಯಲ್ಲಿ ಬೆವರು ಒರೆಸಿ. ನೆನೆದರೆ ನೆರಳಲ್ಲಿ ಒಣಗಿಸಿ, ಬಿಸಿಲಲ್ಲೂ ಅಲ್ಲ, ಒಲೆಯ ಪಕ್ಕದಲ್ಲೂ ಅಲ್ಲ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಹದಿನೈದು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಕಡೆ ದಪ್ಪ ಗೂಟಕ್ಕೆ ನೇತುಹಾಕಿ. ಮೊಳೆಗೆ ಹಾಕಿದರೆ ನೆತ್ತಿಪಟ್ಟಿ ಅದೇ ಜಾಗದಲ್ಲಿ ಮಡಿಕೆ ಬಿದ್ದು ಸೀಳುತ್ತದೆ.