ಗೋಡೆಗೆ ತೂತು ಕೊರೆಯದ ಬಾಗಿಲು ಸೆನ್ಸರ್: ನನ್ನ ಅನುಭವ

ಬಾಗಿಲು ತೆರೆದಿದ್ದನ್ನು ತಿಳಿಸುವ ಸೆನ್ಸರ್ ನಾನು ಮಾಡುತ್ತೇನೆ. "ಸ್ಕ್ರೂ ಹಾಕದ ಸೆನ್ಸರ್ ಆರು ತಿಂಗಳೂ ನಿಲ್ಲಲ್ಲ" ಅಂತ ಇದೇ ಕೆಲಸದಲ್ಲಿರುವ ಗೆಳೆಯರು ಹೇಳಿದ್ದರು. ಈಗ ವರ್ಷ ದಾಟಿದೆ. ಬಾಡಿಗೆ ಮನೆಗಳ ಬಾಗಿಲಲ್ಲಿ ನನ್ನ ಸೆನ್ಸರ್‌ಗಳು ಕೂತಲ್ಲೇ ಕೂತಿವೆ. ಮನೆ ಖಾಲಿ ಮಾಡಿದವರು ಬಿಚ್ಚಿಕೊಂಡೂ ಹೋಗಿದ್ದಾರೆ, ಒಂದು ಗುರುತೂ ಉಳಿದಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಒಳಗಿರುವುದು ಇಷ್ಟೇ: ಒಂದು ಆಯಸ್ಕಾಂತ, ಅದು ಹತ್ತಿರ ಬಂದರೆ ಕೂಡಿಕೊಳ್ಳುವ ರೀಡ್ ಸ್ವಿಚ್, ಸುದ್ದಿ ಕಳಿಸುವ ಬ್ಲೂಟೂತ್ ಚಿಪ್. ಅದರ ವಿವರ ಬಿಡುತ್ತೇನೆ.

ಮೊದಲ ಬ್ಯಾಚ್ ಬಹುಪಾಲು ಕೆಳಗೆ ಬಿತ್ತು. ಎರಡು ಎಎಎ ಸೆಲ್ ಹಾಕಿದ್ದೆ. ಸೆಲ್ಲುಗಳೇ 23 ಗ್ರಾಂ ಹತ್ತಿರ, ಡಬ್ಬಿ ಸೇರಿದರೆ 45 ಗ್ರಾಂ ದಾಟುತ್ತಿತ್ತು. ಟೇಪ್ ಸಾಲದು ಎಂದರು ಎಲ್ಲರೂ. ಗಟ್ಟಿಯಾದ ಆಕ್ರಿಲಿಕ್ ಫೋಮ್ ಟೇಪ್ ಹಾಕಿ ನೋಡಿದೆ. ಬೀಳಲಿಲ್ಲ, ಆದರೆ ಕೀಳುವಾಗ ಬಣ್ಣವೂ ಜೊತೆಗೇ ಎದ್ದು ಬಂತು. ಬಾಡಿಗೆಯವರಿಗೆ ತೂತು ಕೊರೆದರೂ ಒಂದೇ, ಇದೂ ಒಂದೇ.

ಬಿದ್ದ ಡಬ್ಬಿಗಳ ಟೇಪನ್ನು ದೀಪದ ಕೆಳಗೆ ಇಟ್ಟು ನೋಡಿದೆ. ಮೇಲಿನ ಅಂಚಿಗೆ ಧೂಳು ಮೆತ್ತಿತ್ತು. ಕೆಳಗಿನ ಅಂಚು ಇನ್ನೂ ಹೊಳೆಯುತ್ತಿತ್ತು. ಅಂದರೆ ಮೇಲಿನ ಅಂಚು ಎಷ್ಟೋ ದಿನ ಮೊದಲೇ ಎದ್ದಿತ್ತು. ಟೇಪ್ ಜಾರುತ್ತಿರಲಿಲ್ಲ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಮೇಲಿನಿಂದ ಸುಲಿಯುತ್ತಿತ್ತು. ಡಬ್ಬಿ ದಪ್ಪ ಇದ್ದಷ್ಟೂ ಭಾರ ಬಾಗಿಲಿನಿಂದ ದೂರ ನಿಲ್ಲುತ್ತದೆ, ಮೇಲಂಚನ್ನು ಹೊರಗೆ ಎಳೆಯುತ್ತದೆ.

ಟೇಪ್ ಬಿಟ್ಟು ದಪ್ಪದ ಹಿಂದೆ ಬಿದ್ದೆ. ಸಿಆರ್2450 ಬಟನ್ ಸೆಲ್ ತಂದೆ: 6-7 ಗ್ರಾಂ ತೂಕ, 600 ಎಂಎಎಚ್ (ಮಿಲಿಆಂಪ್-ಗಂಟೆ) ಆಸುಪಾಸು ಸಾಮರ್ಥ್ಯ. ಡಬ್ಬಿ 9 ಮಿ.ಮೀ.ಗೆ ಇಳಿಯಿತು, ತೂಕ 18 ಗ್ರಾಂ. ಟೇಪನ್ನು ಡಬ್ಬಿಯ ಮೇಲ್ಭಾಗಕ್ಕೆ ಸರಿಸಿದೆ. ಎಳೆದರೆ ಹಿಗ್ಗಿ ಬಿಟ್ಟುಕೊಳ್ಳುವ ಸಾಮಾನ್ಯ ಟೇಪೇ ಸಾಕಾಯಿತು. ಮೊದಲು ಬಾಗಿಲನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಡಬ್ಬಿಯನ್ನು 30 ಸೆಕೆಂಡ್ ಒತ್ತಿ ಹಿಡಿಯಬೇಕು. ಬಿಚ್ಚುವಾಗ ಟೇಪಿನ ಬಾಲವನ್ನು ಬಾಗಿಲಿಗೆ ಒತ್ತಿಕೊಂಡ ಹಾಗೇ ನೇರ ಕೆಳಕ್ಕೆ, ನಿಧಾನಕ್ಕೆ ಎಳೆಯಬೇಕು. ಸುಣ್ಣದ ಗೋಡೆ ಮಾತ್ರ ಬೇಡ. ಡಬ್ಬಿಯ ಬೆನ್ನಿಗೆ ಕೊಟ್ಟಿರುವ ಆಕಾರ ಹೇಳಲ್ಲ, ಅದು ನನ್ನ ಹತ್ತಿರವೇ ಇರಲಿ.

ಮುಂದಿನ ತಕರಾರು ಬ್ಯಾಟರಿಯದು. ಬಟನ್ ಸೆಲ್ ಬೇಗ ಸಾಯುತ್ತೆ ಎಂದರು. ಬ್ಲೂಟೂತ್ ಚಿಪ್‌ನೊಳಗೇ ಇರುವ ಪುಲ್‌ಅಪ್ (ಸ್ವಿಚ್ಚಿನ ತಂತಿಯನ್ನು ಬ್ಯಾಟರಿಗೆ ಜೋಡಿಸುವ ರೆಸಿಸ್ಟರ್) ಬಳಸಿದರೆ ಸಾಯುವುದು ನಿಜ. ನನ್ನ ಚಿಪ್‌ನಲ್ಲಿ ಅದು 13 ಕಿಲೋಓಮ್. ಬಾಗಿಲು ಮುಚ್ಚಿರುವಷ್ಟು ಹೊತ್ತೂ ರೀಡ್ ಸ್ವಿಚ್ ಕೂಡಿಕೊಂಡಿರುತ್ತದೆ, 230 ಮೈಕ್ರೋಆಂಪ್ ಸುಮ್ನೆ ಸೋರುತ್ತದೆ. ಮೂರೂವರೆ ತಿಂಗಳಲ್ಲಿ ಸೆಲ್ ಖಾಲಿ. ಅದರ ಬದಲು ಹೊರಗೆ 1 ಮೆಗಾಓಮ್ ರೆಸಿಸ್ಟರ್ ಹಾಕಿದೆ, ಸೋರಿಕೆ 3 ಮೈಕ್ರೋಆಂಪಿಗೆ ಬಂತು. ಸುಳ್ಳು ಸಿಗ್ನಲ್ ಬರದಂತೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಸೇರಿಸಿದೆ. ಈಗ ಎರಡು ವರ್ಷ ಗ್ಯಾರಂಟಿ ಅಂತ ಎದೆ ತಟ್ಟಿ ಹೇಳುತ್ತೇನೆ.

ದುಡ್ಡು ಹೋಗಿದ್ದು ಎಲೆಕ್ಟ್ರಾನಿಕ್ಸಿಗಲ್ಲ. ಡಬ್ಬಿ ಎರಕ ಹೊಯ್ಯುವ ಅಚ್ಚು ಮಾಡಿಸಲು ಕೇಳಿದ ಮೊತ್ತದಲ್ಲಿ ನೂರಕ್ಕೂ ಜಾಸ್ತಿ ಸೆನ್ಸರ್ ಮಾಡಬಹುದಿತ್ತು. ಹಾಗಾಗಿ ಇವತ್ತಿಗೂ ಡಬ್ಬಿಯನ್ನು ಪಿಇಟಿಜಿ ಎಂಬ ಪ್ಲಾಸ್ಟಿಕ್ಕಿನಲ್ಲಿ 3ಡಿ ಪ್ರಿಂಟ್ ಮಾಡುತ್ತೇನೆ. ಒಂದು ಸೆನ್ಸರಿನ ಖರ್ಚಿನಲ್ಲಿ ಹೆಚ್ಚು ಕಡಿಮೆ ಅರ್ಧ ಡಬ್ಬಿಗೆ ಮತ್ತು ಟೇಪಿಗೆ ಹೋಗುತ್ತದೆ. ಅಲ್ಲಿ ಉಳಿಸಲು ಹೋಗಬೇಡಿ.

ನಡುವೆ ಗಾಳಿಯ ಒತ್ತಡದ ಸೆನ್ಸರ್ ಹಿಡಿದು ಆಟ ಆಡಿದೆ. ಬಾಗಿಲು ತೆರೆದರೆ ಕೋಣೆಯ ಒತ್ತಡ ಸ್ವಲ್ಪ ಅಲುಗುತ್ತದೆ, ಏನನ್ನೂ ಅಂಟಿಸದೆ ಕಪಾಟಿನ ಮೇಲಿಟ್ಟರೂ ಸಿಗುತ್ತದೆ. ಕಿಟಕಿ ಮುಚ್ಚಿದ್ದರೆ ಚೆನ್ನಾಗಿ ಹಿಡಿಯಿತು. ಗಾಳಿ ಜೋರಾದ ದಿನ ಅಲಾರಂ ಕೂಗಿದ್ದೇ ಕೂಗಿದ್ದು. ಈಗ ಅದನ್ನು ಎರಡನೇ ಸಾಕ್ಷಿಯಾಗಿ ಮಾತ್ರ ಇಟ್ಟುಕೊಂಡಿದ್ದೇನೆ.

ಕಬ್ಬಿಣದ ಬಾಗಿಲಿನದು ಬೇರೆ ಲೆಕ್ಕ. ಕಬ್ಬಿಣ ಆಯಸ್ಕಾಂತದ ಬಲವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ರೀಡ್ ಸ್ವಿಚ್ ಎಚ್ಚರವೇ ಆಗುವುದಿಲ್ಲ. ಆಯಸ್ಕಾಂತದ ಕೆಳಗೆ 6-8 ಮಿ.ಮೀ. ಪ್ಲಾಸ್ಟಿಕ್ ಕೊಟ್ಟರೆ ಸರಿಹೋಗುತ್ತದೆ. ಸೆನ್ಸರಿಗೆ ಮಾತ್ರ ಟೇಪೇ ಬೇಡ. ಫ್ರಿಜ್ ಬಾಗಿಲಿಗೆ ಅಂಟಿಸುವಂಥ ತೆಳು ಮ್ಯಾಗ್ನೆಟ್ ಹಾಳೆ ಬೆನ್ನಿಗೆ ಹಾಕಿದರೆ, ಇಟ್ಟ ಜಾಗದಲ್ಲೇ ಕೂರುತ್ತದೆ.