ಕ್ಷಯದ ಬ್ಯಾಕ್ಟೀರಿಯಾದಲ್ಲಿ ಒಂದು ರೆಗ್ಯುಲಾನನ್ನು ಕಂಪ್ಯೂಟರಿನಲ್ಲಿ ಹುಡುಕಿದ ಬಗೆ

ಆಮ್ಲಜನಕ ಕಡಿಮೆಯಾದಾಗ ಕ್ಷಯರೋಗದ ಬ್ಯಾಕ್ಟೀರಿಯಾ ಬೆಳವಣಿಗೆಯನ್ನು ನಿಲ್ಲಿಸಿ ಬದುಕಿ ಉಳಿಯುತ್ತದೆ. ಆ ಸ್ಥಿತಿಗೆ ಹೊರಳುವಾಗ ಅದರ ಸುಮಾರು 50 ಜೀನ್‌ಗಳು ಒಟ್ಟಾಗಿ ಚುರುಕಾಗುತ್ತವೆ, ಮತ್ತು ಅವುಗಳನ್ನು ಚುರುಕುಗೊಳಿಸುವುದು ಡಾಸ್‌ಆರ್ ಎಂಬ ಒಂದೇ ನಿಯಂತ್ರಕ ಪ್ರೋಟೀನ್. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಜಯಾ ತ್ಯಾಗಿ ಅವರ ಗುಂಪು ಇದೇ ಪ್ರೋಟೀನನ್ನು ಡೆವ್‌ಆರ್ ಎಂಬ ಹೆಸರಿನಲ್ಲಿ ಅಧ್ಯಯನ ಮಾಡಿದೆ. ಇಂದಿಗೂ ಎರಡೂ ಹೆಸರುಗಳು ಬಳಕೆಯಲ್ಲಿವೆ. ಹೀಗೆ ಒಂದೇ ನಿಯಂತ್ರಕದ ಅಡಿಯಲ್ಲಿರುವ ಜೀನ್‌ಗಳ ಗುಂಪಿಗೆ ರೆಗ್ಯುಲಾನ್ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಚೆನ್ನಾಗಿ ಪರೀಕ್ಷಿತವಾದ ಈ ರೆಗ್ಯುಲಾನನ್ನು ಜೀನೋಮಿನ, ಅಂದರೆ ಬ್ಯಾಕ್ಟೀರಿಯಾದ ಇಡೀ ಡಿಎನ್‌ಎಯ, ಅಕ್ಷರಗಳಿಂದಲೇ ಮರುಕಟ್ಟಲು ಸಾಧ್ಯವೇ ಎಂದು ನೋಡಲು ನಾನು ಕೆಲಸಕ್ಕೆ ತೊಡಗಿದೆ. ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಆರಿಸಿಕೊಳ್ಳಲು ಕಾರಣವಿದೆ: ಪ್ರಯೋಗಾಲಯಗಳಿಗೆ ಚಿರಪರಿಚಿತವಾದ ಇ. ಕೋಲಿ ಬ್ಯಾಕ್ಟೀರಿಯಾದ ಮೇಲೆ ಪಳಗಿದ ಉಪಕರಣಗಳು ಬೇರೊಂದು ಬ್ಯಾಕ್ಟೀರಿಯಾದಲ್ಲಿ ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನು ಅಳೆಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಕ್ಷಯದ ಬ್ಯಾಕ್ಟೀರಿಯಾದ ಎಚ್37ಆರ್‌ವಿ ತಳಿಯ ಜೀನೋಮ್ 1998ರಲ್ಲಿ ಪ್ರಕಟವಾಯಿತು. ಈಗಿನ ಆವೃತ್ತಿಯಲ್ಲಿ ಎ, ಟಿ, ಜಿ, ಸಿ ಎಂಬ ಅಕ್ಷರಗಳಿಂದ ಗುರುತಿಸುವ 44,11,532 ಬೇಸ್‌ಗಳಿವೆ, ಸುಮಾರು 4,000 ಜೀನ್‌ಗಳಿವೆ. ಜೀನ್‌ಗಳಿಗೆ ಇಟ್ಟ ಕ್ರಮಸಂಖ್ಯೆಯೇ ಮೊದಲ ಉಪಕರಣವೆಂದು ನನಗೆ ಅನ್ನಿಸಿದೆ. ಆರ್‌ವಿ3134ಸಿ, ಆರ್‌ವಿ3133ಸಿ, ಆರ್‌ವಿ3132ಸಿ ಎಂಬ ಮೂರು ಜೀನ್‌ಗಳನ್ನು ನೋಡಿ. ಕೊನೆಯ 'ಸಿ' ಅಕ್ಷರವು ಇವು ಡಿಎನ್‌ಎಯ ಎರಡು ಎಳೆಗಳಲ್ಲಿ ಪೂರಕ ಎಳೆಯಲ್ಲಿವೆ ಎಂದು ಹೇಳುತ್ತದೆ. ಆದ್ದರಿಂದ ಜೀನನ್ನು ಆರ್‌ಎನ್‌ಎಯಾಗಿ ಬರೆಯುವ ನಕಲು ದೊಡ್ಡ ಸಂಖ್ಯೆಯಿಂದ ಚಿಕ್ಕ ಸಂಖ್ಯೆಯ ಕಡೆಗೆ ಸಾಗುತ್ತದೆ. ಆರ್‌ವಿ3133ಸಿ ಎಂದರೆ ಡಾಸ್‌ಆರ್, ಆರ್‌ವಿ3132ಸಿ ಎಂದರೆ ಅದಕ್ಕೆ ಸಂಕೇತ ಕೊಡುವ ಡಾಸ್‌ಎಸ್, ಮತ್ತು ಈ ಸಾಲಿನ ತಲೆಯಲ್ಲಿರುವುದು ಆರ್‌ವಿ3134ಸಿ. ಮೂರೂ ಒಂದೇ ಆರ್‌ಎನ್‌ಎಯಾಗಿ ನಕಲಾಗಬಲ್ಲವು, ಅಂದರೆ ಒಂದು ಒಪೆರಾನ್.

ಒಪೆರಾನ್‌ಗಳನ್ನು ಊಹಿಸುವ ಹೆಚ್ಚಿನ ಉಪಕರಣಗಳು ನೆಚ್ಚಿಕೊಂಡಿರುವುದು ಎರಡು ಸರಳ ಸಂಗತಿಗಳನ್ನು: ಅಕ್ಕಪಕ್ಕದ ಜೀನ್‌ಗಳು ಒಂದೇ ಎಳೆಯಲ್ಲಿರಬೇಕು, ನಡುವಿನ ಅಂತರ ಕಡಿಮೆಯಿರಬೇಕು. ಎಷ್ಟೋ ಕಡೆ ಅಂತರವೇ ಇರುವುದಿಲ್ಲ. ಎ-ಟಿ-ಜಿ-ಎ ಎಂಬ ನಾಲ್ಕು ಅಕ್ಷರಗಳಲ್ಲಿ ಹಿಂದಿನ ಜೀನಿನ ಅಂತ್ಯ (ಟಿ-ಜಿ-ಎ) ಮತ್ತು ಮುಂದಿನ ಜೀನಿನ ಆರಂಭ (ಎ-ಟಿ-ಜಿ) ಒಂದರ ಮೇಲೊಂದು ಕೂತಿರುತ್ತವೆ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಸುಮಾರು ಮೂರರಲ್ಲಿ ಒಂದು ಜೀನ್ ಜಿ-ಟಿ-ಜಿಯಿಂದ ಆರಂಭವಾಗುವುದರಿಂದ ಜಿ-ಟಿ-ಜಿ-ಎ ಎಂಬ ಜೋಡಣೆಯನ್ನೂ ಹುಡುಕಬೇಕಾಗುತ್ತದೆ. ಅಂತರದ ಮಿತಿಯನ್ನು ನಾನು ಇ. ಕೋಲಿಯಿಂದ ಎರವಲು ಪಡೆಯಲಿಲ್ಲ. ಎದುರು ಎಳೆಗಳಲ್ಲಿರುವ ನೆರೆಯ ಜೀನ್‌ಗಳು ಒಂದೇ ಒಪೆರಾನಿನಲ್ಲಿ ಇರಲಾರವು. ಆ ಜೋಡಿಗಳ ಅಂತರಗಳ ಹರಹನ್ನೂ ಒಂದೇ ಎಳೆಯ ಜೋಡಿಗಳ ಅಂತರಗಳ ಹರಹನ್ನೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅಕ್ಕಪಕ್ಕ ಇಟ್ಟು, ಪ್ರತಿಯೊಂದು ಜೋಡಿಗೂ ಒಪೆರಾನಿನೊಳಗೆ ಇರುವ ಸಂಭವನೀಯತೆಯನ್ನು ಇದೇ ಜೀನೋಮಿನಿಂದ ಲೆಕ್ಕ ಹಾಕಿದೆ.

ಈ ಲೆಕ್ಕ ನಿಲ್ಲುವುದು ಜೀನಿನ ಆರಂಭವನ್ನು ಸರಿಯಾಗಿ ಗುರುತಿಸಿದ್ದರೆ ಮಾತ್ರ. ಕ್ಷಯದ ಬ್ಯಾಕ್ಟೀರಿಯಾ ಸೇರಿರುವ ಮೈಕೋಬ್ಯಾಕ್ಟೀರಿಯಾಗಳಲ್ಲಿ ಸುಮಾರು ಕಾಲು ಭಾಗದಷ್ಟು ನಕಲುಗಳಿಗೆ ಮುಂಭಾಗದ ಪಟ್ಟಿಯೇ ಇಲ್ಲ. ಆರ್‌ಎನ್‌ಎ ನೇರವಾಗಿ ಆರಂಭವನ್ನು ಸೂಚಿಸುವ ಮೂರಕ್ಷರದ ಕೋಡಾನಿನಿಂದಲೇ ಶುರುವಾಗುತ್ತದೆ, ಪ್ರೋಟೀನ್ ಕಟ್ಟುವ ರೈಬೋಸೋಮ್ ಕೂರಲು ಬೇಕಾದ ಪರಿಚಿತ ಗುರುತು ಅಲ್ಲಿ ಇರುವುದಿಲ್ಲ. ಆದ್ದರಿಂದ ಜೀನ್‌ಗಳನ್ನು ಗುರುತಿಸುವ ಪ್ರಾಡಿಗಲ್ ತಂತ್ರಾಂಶ ಕೊಟ್ಟ ಆರಂಭಗಳನ್ನು ಪ್ರಕಟಿತ ನಕಲು-ಆರಂಭದ ನಕ್ಷೆಗಳೊಡನೆ ಹೋಲಿಸಿ, ವ್ಯತ್ಯಾಸವಿದ್ದ ಕಡೆಗಳಲ್ಲಿ ಪ್ರಯೋಗದ ಪುರಾವೆಗೆ ಮಣೆ ಹಾಕಿದೆ.

ಮುಂದಿನದು ಆರ್‌ಎನ್‌ಎ ಓದುಗಳ, ಅಂದರೆ ಯಂತ್ರ ಓದಿ ಕೊಟ್ಟ ಆರ್‌ಎನ್‌ಎ ತುಣುಕುಗಳ, ಪರೀಕ್ಷೆ. ಎಳೆಯ ಗುರುತು ಉಳಿಸಿಕೊಂಡ ದತ್ತಾಂಶವನ್ನು ಬೌಟೈ2 ತಂತ್ರಾಂಶದ ಮೂಲಕ ಜೀನೋಮಿಗೆ ಹೊಂದಿಸಿ, ಎರಡು ಜೀನ್‌ಗಳ ನಡುವಿನ ಸಂದನ್ನು ದಾಟುವ ಓದುಗಳಿವೆಯೇ ಎಂದು ನೋಡಿದೆ. ಇದೇ ಕೆಲಸವನ್ನು ತಾನಾಗಿ ಮಾಡುವ ರಾಕ್‌ಹಾಪರ್‌ನ ಫಲಿತಾಂಶವನ್ನೂ ಪಕ್ಕದಲ್ಲಿಟ್ಟುಕೊಂಡೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಂದಿನಲ್ಲಿ ಓದುಗಳಿಲ್ಲ ಎಂಬುದು ಒಪೆರಾನ್ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ, ಏಕೆಂದರೆ ಆಮ್ಲಜನಕ ಯಥೇಚ್ಛವಾಗಿದ್ದಾಗ ಬೆಳೆಸಿದ ಮಾದರಿಯಲ್ಲಿ ಡಾಸ್‌ಆರ್‌ನ ಜೀನ್‌ಗಳು ಬಹುಮಟ್ಟಿಗೆ ಮೌನವಾಗಿರುತ್ತವೆ. ಆಮ್ಲಜನಕ ಕೊರತೆಯ ಮಾದರಿಗಳನ್ನೇ ಆರಿಸಬೇಕು. ಒಪೆರಾನಿನ ತುದಿಯನ್ನು ನಕಲು ನಿಲ್ಲಿಸುವ ಕುಣಿಕೆಗಳಿಂದ ಗುರುತಿಸುವ ಟ್ರಾನ್ಸ್‌ಟರ್ಮ್‌ನಂತಹ ಉಪಕರಣಗಳನ್ನು ನಾನು ಬದಿಗಿಟ್ಟೆ. ಅವು ಹುಡುಕುವ, ಯು ಅಕ್ಷರಗಳ ಬಾಲವಿರುವ ಕುಣಿಕೆಗಳು ಮೈಕೋಬ್ಯಾಕ್ಟೀರಿಯಾಗಳಲ್ಲಿ ವಿರಳ.

ಒಪೆರಾನ್‌ಗಳಿಗೆ ಇಷ್ಟು ಶ್ರಮ ಹಾಕಿದ್ದು ನಿಯಂತ್ರಣದ ಹುಡುಕಾಟಕ್ಕಾಗಿಯೇ. ನಿಯಂತ್ರಕ ಪ್ರೋಟೀನ್ ಸಾಮಾನ್ಯವಾಗಿ ಒಪೆರಾನಿನ ತಲೆಯ ಜೀನಿನ ಮುಂಭಾಗದಲ್ಲಿ ಕೂರುತ್ತದೆ. ಚುರುಕಾದ ಪ್ರತಿಯೊಂದು ಜೀನಿನ ಮುಂಭಾಗವನ್ನೂ ಕತ್ತರಿಸಿ ಅವುಗಳಲ್ಲಿ ಮತ್ತೆ ಮತ್ತೆ ಬರುವ ಅಕ್ಷರಗಳ ಸಾಲನ್ನು (ಇಲ್ಲಿ ನಿಯಂತ್ರಕ ಅಂಟುವ ಗುರುತನ್ನು) ಹುಡುಕುವ ಮೀಮ್ ತಂತ್ರಾಂಶಕ್ಕೆ ಕೊಟ್ಟರೆ, ಒಪೆರಾನಿನ ಒಳಗಿನ ಜೀನ್‌ಗಳ ಮುಂದಿರುವ ನಿಷ್ಪ್ರಯೋಜಕ ತುಣುಕುಗಳೇ ತುಂಬಿಕೊಂಡು ನಿಜವಾದ ಗುರುತು ಮಸುಕಾಗುತ್ತದೆ. ಆದಕಾರಣ ತಲೆಯ ಜೀನ್‌ಗಳ ಮುಂದಿನ 300 ಬೇಸ್‌ಗಳನ್ನು ಮಾತ್ರ ತೆಗೆದುಕೊಂಡೆ. ಡಾಸ್‌ಆರ್ ಜೋಡಿಯಾಗಿ ಡಿಎನ್‌ಎಗೆ ಅಂಟುವುದರಿಂದ ಅದರ ಗುರುತಿನ ಎರಡು ಅರ್ಧಗಳು ಪರಸ್ಪರ ಪೂರಕವಾಗಿರಬೇಕು. ಆ ನಿರ್ಬಂಧವನ್ನೂ ಮೀಮ್‌ಗೆ ತಿಳಿಸಿದೆ. ಹೊರಬಂದ 20 ಬೇಸ್‌ಗಳ ಗುರುತಿನ ನಡುಭಾಗದಲ್ಲಿ ಜಿ-ಜಿ-ಜಿ-ಎ-ಸಿ-ಟಿ ಒಂದು ಕಡೆ, ಎ-ಜಿ-ಟಿ-ಸಿ-ಸಿ-ಸಿ ಇನ್ನೊಂದು ಕಡೆ, ನಡುವೆ ಎ ಅಥವಾ ಟಿ ಇರುವ ಎರಡು ಸ್ಥಾನಗಳು. 2003ರಲ್ಲಿ ಪ್ರಕಟವಾದ ಗುರುತಿಗೆ ಇದು ಹೊಂದಿಕೊಂಡಾಗ ನನಗಾದ ಸಂತೋಷ ಸಣ್ಣದಲ್ಲ.

ಈ ಹಂತದಲ್ಲಿ ಹಿನ್ನೆಲೆಯ ಮಾದರಿಯೇ, ಅಂದರೆ ನಾಲ್ಕು ಅಕ್ಷರಗಳು ಸಹಜವಾಗಿ ಯಾವ ಪ್ರಮಾಣದಲ್ಲಿ ಬರುತ್ತವೆ ಎಂಬ ಅಂದಾಜೇ, ಎಲ್ಲವನ್ನೂ ನಿರ್ಧರಿಸುತ್ತದೆ. ಈ ಜೀನೋಮಿನ 65.6 ಶೇಕಡ ಬೇಸ್‌ಗಳು ಜಿ ಅಥವಾ ಸಿ. ನಾಲ್ಕು ಅಕ್ಷರಗಳೂ ಸಮನಾಗಿವೆ ಎಂದು ಭಾವಿಸಿ ಲೆಕ್ಕ ಹಾಕಿದರೆ ಜಿ-ಸಿ ತುಂಬಿದ ಯಾವ ತುಣುಕೂ ಅಪರೂಪದ್ದಾಗಿ ಕಾಣಿಸುತ್ತದೆ. ಅಲ್ಲದೆ ಪಿಇ ಮತ್ತು ಪಿಪಿಇ ಕುಟುಂಬಗಳ ಜೀನ್‌ಗಳು ಜೀನೋಮಿನ ಸಂಕೇತ ಸಾಮರ್ಥ್ಯದ ಸುಮಾರು 10 ಶೇಕಡವನ್ನು ಆಕ್ರಮಿಸಿವೆ. ಅವುಗಳಲ್ಲಿನ ಜಿ-ಸಿ ಪುನರಾವರ್ತನೆಗಳು ಗುರುತಿನ ವೇಷ ಹಾಕಿಕೊಂಡು ಬರುತ್ತವೆ. ಅವನ್ನು ಮುಚ್ಚಿಟ್ಟು, ಇದೇ ಜೀನೋಮಿನಿಂದ ಹಿನ್ನೆಲೆಯನ್ನು ಕಟ್ಟಿದ ಮೇಲಷ್ಟೇ ಮೀಮ್‌ನ ಫಲಿತಾಂಶವನ್ನು ಗಂಭೀರವಾಗಿ ಪರಿಗಣಿಸಿದೆ.

ಗುರುತು ಸಿಕ್ಕ ಬಳಿಕ ಫೈಮೊ ತಂತ್ರಾಂಶದ ಮೂಲಕ ಇಡೀ ಜೀನೋಮನ್ನು ಶೋಧಿಸಿದೆ. ಎರಡೂ ಎಳೆಗಳನ್ನು ಸೇರಿಸಿದರೆ ಸುಮಾರು 88 ಲಕ್ಷ ಸ್ಥಾನಗಳು. ಹತ್ತು ಸಾವಿರಕ್ಕೆ ಒಂದು ಎಂಬ ಮಿತಿ ಕಟ್ಟುನಿಟ್ಟಾಗಿ ತೋರಿದರೂ, ಕೇವಲ ಆಕಸ್ಮಿಕವಾಗಿ ಸುಮಾರು 880 ಹೊಂದಿಕೆಗಳು ಸಿಗಬೇಕು. ಗುರುತು ಎರಡೂ ಕಡೆಯಿಂದ ಒಂದೇ ಆಗಿರುವುದರಿಂದ ಸ್ಥಳಗಳು ಅದರ ಅರ್ಧದಷ್ಟು. ಸುಮಾರು 50 ಜೀನ್‌ಗಳ ರೆಗ್ಯುಲಾನ್ ಆ ರಾಶಿಯಲ್ಲಿ ಕಳೆದುಹೋಗುತ್ತದೆ. ಜೀನೋಮಿನ ಹತ್ತರಲ್ಲಿ ಒಂಬತ್ತು ಭಾಗ ಜೀನ್‌ಗಳೇ ಆಗಿರುವುದರಿಂದ, ಶೋಧವನ್ನು ಒಪೆರಾನ್ ತಲೆಗಳ ಮುಂಭಾಗಕ್ಕೆ ಸೀಮಿತಗೊಳಿಸಿದರೆ ರಾಶಿ ತೀವ್ರವಾಗಿ ಕುಗ್ಗುತ್ತದೆ. ಡಾಸ್‌ಆರ್ ಚುರುಕುಗೊಳಿಸುವ ಎಚ್‌ಎಸ್‌ಪಿಎಕ್ಸ್ ಜೀನಿನ ಮುಂದೆ ಒಂದಕ್ಕಿಂತ ಹೆಚ್ಚು ಗುರುತುಗಳು ಹತ್ತಿರ ಹತ್ತಿರ ಕಂಡುಬರುತ್ತವೆ. ಇಂತಹ ಜೋಡಣೆಗೆ, ಮತ್ತು ನಕಲು-ಆರಂಭದಿಂದ ಸುಮಾರು 35 ಬೇಸ್ ಹಿಂದೆ ಬೀಳುವ ಗುರುತಿಗೆ, ನಾನು ಒಂಟಿ ಅಂಕಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಬೇರೆ ಪ್ರಭೇದಗಳೊಡನೆ ಹೋಲಿಸುವಾಗ ಸರಿಯಾದ ದೂರದ ಸಂಬಂಧಿ ಬೇಕು. ಮೈಕೋಬ್ಯಾಕ್ಟೀರಿಯಂ ಬೋವಿಸ್‌ನ ಜೀನೋಮ್ 99.95 ಶೇಕಡಕ್ಕೂ ಹೆಚ್ಚು ಒಂದೇ ಆಗಿರುವುದರಿಂದ ಅಲ್ಲಿ ಗುರುತು ಉಳಿದಿದೆ ಎಂಬುದಕ್ಕೆ ಅರ್ಥವಿಲ್ಲ, ಎಲ್ಲವೂ ಉಳಿದಿರುತ್ತದೆ. ಮೀನುಗಳಿಗೆ ರೋಗ ತರುವ ಮೈಕೋಬ್ಯಾಕ್ಟೀರಿಯಂ ಮರೈನಮ್ ತಕ್ಕಷ್ಟು ದೂರದಲ್ಲಿದೆ. ಅಲ್ಲಿ ಸುತ್ತಲಿನ ಬೇಸ್‌ಗಳು ಬದಲಾಗಿ ಗುರುತು ಮಾತ್ರ ಉಳಿದ ಮುಂಭಾಗಗಳನ್ನು ಪಟ್ಟಿಯ ಮೇಲಕ್ಕೆ ಏರಿಸಿದೆ.

ಕೊನೆಗೆ ಪ್ರೋಟೀನ್ ಡಿಎನ್‌ಎಯಲ್ಲಿ ಎಲ್ಲೆಲ್ಲಿ ಅಂಟಿದೆ ಎಂದು ತೋರಿಸುವ ಪ್ರಕಟಿತ ಚಿಪ್-ಸೀಕ್ ದತ್ತಾಂಶವನ್ನು ತಂದು ಜೋಡಿಸಿದೆ. ಡಾಸ್‌ಆರ್ ಅಂಟುವ ಜಾಗಗಳು ಅದು ಚುರುಕುಗೊಳಿಸುವ ಜೀನ್‌ಗಳಿಗಿಂತ ಎಷ್ಟೋ ಹೆಚ್ಚು. ಅಂಟಿದ ಮಾತ್ರಕ್ಕೆ ನಿಯಂತ್ರಣವಾಗದು ಎಂಬ ಕಾರಣಕ್ಕೆ ನನ್ನ ಕೋಷ್ಟಕದಲ್ಲಿ ಗುರುತು, ಅಂಟುವಿಕೆ, ಆಮ್ಲಜನಕ ಕೊರತೆಯಲ್ಲಿನ ಏರಿಕೆ ಮತ್ತು ಮರೈನಮ್‌ನಲ್ಲಿ ಉಳಿಕೆ ಎಂಬ ನಾಲ್ಕಕ್ಕೂ ಬೇರೆ ಬೇರೆ ಕಂಬಗಳನ್ನಿಟ್ಟಿದ್ದೇನೆ. ಅವನ್ನು ಒಂದೇ ಅಂಕವಾಗಿ ಕೂಡಿಸುವುದು ನನಗೆ ಒಪ್ಪಿಗೆಯಿಲ್ಲ. ನಾಲ್ಕೂ ತುಂಬಿದ ಸಾಲುಗಳು ಈಗಾಗಲೇ ತಿಳಿದ ರೆಗ್ಯುಲಾನನ್ನು ಬಹುಮಟ್ಟಿಗೆ ಮರಳಿ ಕೊಡುತ್ತವೆ. ಮೂರು ಮಾತ್ರ ತುಂಬಿದ ಸಾಲುಗಳನ್ನು, ಯಾವ ಕಂಬ ಖಾಲಿಯಿದೆ ಎಂಬ ಟಿಪ್ಪಣಿಯೊಡನೆ, ಪ್ರೋಟೀನ್ ಮತ್ತು ಡಿಎನ್‌ಎಯನ್ನು ಜೆಲ್‌ನಲ್ಲಿ ಓಡಿಸಿ ಪರೀಕ್ಷಿಸುವ ಸಹೋದ್ಯೋಗಿಗಳಿಗೆ ಒಪ್ಪಿಸುತ್ತೇನೆ.